ಹದಿನೈದು ಕಿಲೋಮೀಟರ್ ಉಳಿದಿತ್ತು

ದಾವಣಗೆರೆ
2 ಮೇ 2025

ಏಪ್ರಿಲ್ ಹದಿನೇಳರಂದು ಗಾಡಿ ನಿಲ್ಲಿಸಿದ ಡ್ರೈವರ್ ಅಮ್ಮನವರಿಗೆ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಹರಿಹರದ ರೈಲ್ವೆ ಸ್ಟೇಷನ್ನಿನಲ್ಲಿ ವಿಚಾರಿಸಿದೆ. ಹೆಸರು ಹೇಳುವಂತಿಲ್ಲ, ಕಾಗದ ಕೊಟ್ಟರೆ ಮುಟ್ಟಿಸುತ್ತೇವೆ ಎಂದರು. ಮನುಷ್ಯನನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸದವರು ಕಾಗದವನ್ನಾದರೂ ಮುಟ್ಟಿಸಲಿ ಎಂದು ಬರೆಯುತ್ತಿದ್ದೇನೆ.

ನಾನು ಹಯಾತ್ ಸಾಬ್, ಪಿಂಜಾರರವನು. ಹಳೇ ದಾವಣಗೆರೆಯಲ್ಲಿ ಗಾದಿ ಅಂಗಡಿ ಇದೆ. ನಲವತ್ತೈದು ವರ್ಷದಿಂದ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದೇನೆ. ಆ ದಿನ ನಾನು ಹುಬ್ಬಳ್ಳಿಯಲ್ಲಿ ಮಗಳು ಸಬಾಳ ಮನೆಯಲ್ಲಿದ್ದೆ. ಬೆಳಗಿನ ನಮಾಜ್ ಮುಗಿಸಿ ಚಹಾ ಕುಡಿಯುವಾಗ ಊರಿನಿಂದ ಫೋನ್ ಬಂತು. ಅಕ್ಕ ಖತೀಜಾಬೀ ಹೋಗಿಬಿಟ್ಟಿದ್ದಳು. ನಮ್ಮ ಅಪ್ಪ ಅಮ್ಮ ಬೇಗ ತೀರಿಕೊಂಡವರು. ನನ್ನನ್ನು ಸಾಕಿದವಳು ಅವಳು. ನನ್ನನ್ನು ದಡ ಹತ್ತಿಸುವುದರೊಳಗೆ ಅವಳ ಮದುವೆಯ ವಯಸ್ಸು ದಾಟಿಹೋಯಿತು.

ನಮ್ಮಲ್ಲಿ ಒಂದು ಪದ್ಧತಿ. ತೀರಿಹೋದ ಹೆಣ್ಣುಮಗಳನ್ನು ಗೋರಿಯೊಳಗೆ ಇಳಿಸುವವರು ಅವಳ ಸ್ವಂತದ ಗಂಡಸರೇ ಆಗಬೇಕು. ತಂದೆ, ಗಂಡ, ಮಗ, ಇಲ್ಲವೇ ಒಡಹುಟ್ಟಿದವನು. ನನ್ನನ್ನು ಬಿಟ್ಟರೆ ಅಕ್ಕನಿಗೆ ಅವರ್‍ಯಾರೂ ಇಲ್ಲ. ನನಗೂ ಇರುವವಳು ಒಬ್ಬಳೇ ಮಗಳು. ಅಕ್ಕನನ್ನು ಇಳಿಸಬೇಕಾದವನು ನಾನೊಬ್ಬನೇ ಇದ್ದೆ.

ನಿಮ್ಮ ಗಾಡಿ ಹತ್ತಿದೆ. ಹನ್ನೆರಡರೊಳಗೆ ದಾವಣಗೆರೆ, ಮಧ್ಯಾಹ್ನದ ನಮಾಜ್ ಆದ ಮೇಲೆ ಮಣ್ಣು ಎಂದು ನಿಕ್ಕಿಯಾಗಿತ್ತು. ರಾಣೆಬೆನ್ನೂರು ದಾಟಿ, ಹತ್ತು ಐವತ್ತಕ್ಕೆ, ಒಂದು ಸಣ್ಣ ಸ್ಟೇಷನ್ನಿನಲ್ಲಿ ಗಾಡಿ ನಿಂತಿತು. ನಿಂತದ್ದು ನಿಂತೇ ಬಿಟ್ಟಿತು. ಡ್ರೈವರುಗಳ ಹೋರಾಟ ನಡೆದಿದೆಯಂತೆ, ಹೊತ್ತು ಮೀರಿತೆಂದು ಇಳಿದಿದ್ದಾರಂತೆ, ಬೇರೆಯವರು ಬರಬೇಕಂತೆ. ಸ್ಟೇಷನ್ ಮಾಸ್ತರನ್ನು ಕೇಳಿದಾಗಲೆಲ್ಲ ಒಂದೇ ಮಾತು: "ಇನ್ನೊಂದು ಹತ್ ನಿಮಿಷ ಕೂಡ್ರಿ ಸಾಬ್ರೆ, ಬಂದ್ಬಿಡ್ತಾರ." ಕಾಲು ಗಟ್ಟಿ ಇದ್ದವರು ಹೊಲದಲ್ಲಿ ನಡೆದು ಹೈವೇಗೆ ಹೋಗಿ ಬಸ್ಸು ಹಿಡಿದರು. ನನ್ನ ಮೊಣಕಾಲು ಮನೆಯ ಮೆಟ್ಟಿಲು ಹತ್ತುವುದಕ್ಕೇ ಹತ್ತು ಸಲ ಯೋಚಿಸುತ್ತದೆ.

ಮೂರೂ ಹತ್ತಕ್ಕೆ ಗಾಡಿ ಹೊರಟಿತು. ನಾನು ಖಬರಸ್ತಾನ ಮುಟ್ಟಿದಾಗ ನಾಲ್ಕೂಕಾಲು. ಗೋರಿಯ ಮಣ್ಣಿಗೆ ಚಿಮುಕಿಸಿದ ನೀರು ಇನ್ನೂ ಆರಿರಲಿಲ್ಲ. ಅಕ್ಕನನ್ನು ಇಳಿಸಿದವರು ಮಸೀದಿಯ ಇಬ್ಬರು ಹಿರಿಯರು. ಒಳ್ಳೆಯವರೇ. ಆದರೆ ಅಕ್ಕ ಜೀವಮಾನದಲ್ಲಿ ಅವರೆದುರು ತಲೆ ಮೇಲಿನ ಸೆರಗು ಜಾರಲು ಬಿಟ್ಟವಳಲ್ಲ.

ಹರಿಹರಕ್ಕೆ ಹದಿನೈದು ಕಿಲೋಮೀಟರ್ ಉಳಿದಿತ್ತು. ಹದಿನೈದೇ. ಅಲ್ಲಿಯವರೆಗೆ ತಂದು ನಿಲ್ಲಿಸಿದ್ದರೆ ಆಟೋ ಹಿಡಿದಾದರೂ ಬರುತ್ತಿದ್ದೆ. ನಿಮ್ಮ ಜಗಳ ನಿಮ್ಮ ಸಾಹೇಬರ ಜೊತೆ. ಅದರಲ್ಲಿ ನನ್ನ ಅಕ್ಕ ಏನು ಮಾಡಿದ್ದಳು?

ನಿಮ್ಮನ್ನು ಅಲ್ಲೇ ನೋಡಿದೆ. ಕಲ್ಲುಬೆಂಚಿನ ಮೇಲೆ, ಬೂಟು ಬಿಚ್ಚಿಟ್ಟು, ಚೀಲ ತಲೆಗಿಟ್ಟುಕೊಂಡು ನಿದ್ದೆ ಹೊಡೆಯುತ್ತಿದ್ದಿರಿ. ಮರುದಿನವೇ ಸ್ಟೇಷನ್ನಿಗೆ ಹೋಗಿ ದೂರು ಬರೆದುಕೊಟ್ಟೆ: "ಜನ ಒದ್ದಾಡುತ್ತಿದ್ದರೆ ಡ್ರೈವರ್ ನಿದ್ದೆ ಮಾಡುತ್ತಿದ್ದರು." ಕೊಟ್ಟರೂ ಹೊಟ್ಟೆ ತಣ್ಣಗಾಗಲಿಲ್ಲ. ಅದಕ್ಕೇ ನಿಮ್ಮನ್ನೇ ಕೇಳುತ್ತಿದ್ದೇನೆ. ಅಲ್ಲಿ ಯಾಕೆ ನಿಲ್ಲಿಸಿದಿರಿ?

ಉತ್ತರ ಬಾಕಿ ಇರುವ
ಹಯಾತ್ ಸಾಬ್


ಹರಿಹರ
9 ಜೂನ್ 2025

ಹಯಾತ್ ಸಾಬ್ ಅವರಿಗೆ,

ನಿಮ್ಮ ಕಾಗದ ನನ್ನ ಕೈಗೆ ಬರಲು ತಿಂಗಳು ಹಿಡಿಯಿತು. ನನ್ನ ಹೆಸರು ವಾಣಿಶ್ರೀ. ಹದಿನಾಲ್ಕು ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ. ಓಡಿಸುತ್ತಿದ್ದೆ ಎನ್ನಬೇಕು, ಈಗ ಅಮಾನತಿನಲ್ಲಿದ್ದೇನೆ.

ನಿಮ್ಮ ಅಕ್ಕನವರ ವಿಷಯ ಓದಿ ಸಂಕಟವಾಯಿತು. ಬಾಯಿಮಾತಿಗೆ ಹೇಳುತ್ತಿಲ್ಲ. ಆದರೆ ಗಾಡಿ ನಿಲ್ಲಿಸಿದ್ದು ತಪ್ಪಾಯಿತು ಎಂದು ಬರೆಯಲಾರೆ.

ನಾವು ಮುಷ್ಕರ ಹೂಡಲಿಲ್ಲ. ಏಪ್ರಿಲ್ ಪೂರ್ತಿ, ನಿಯಮದಲ್ಲಿ ಬರೆದಷ್ಟು ಹೊತ್ತು ಮಾತ್ರ ಓಡಿಸುತ್ತೇವೆ, ವಾರದ ವಿಶ್ರಾಂತಿ ಬಿಟ್ಟುಕೊಡುವುದಿಲ್ಲ ಎಂದು ಸಂಘದಲ್ಲಿ ತೀರ್ಮಾನಿಸಿದ್ದೆವು. ಅಷ್ಟಕ್ಕೇ ಗಾಡಿಗಳು ಅಲ್ಲಲ್ಲಿ ನಿಂತುಹೋದವು. ಹಾಗಾದರೆ ಉಳಿದ ದಿನ ಅವು ಹೇಗೆ ಓಡುತ್ತಿದ್ದವು ಎಂದು ಯಾರೂ ಕೇಳಲಿಲ್ಲ.

ನಾನು ಹಿಂದಿನ ದಿನ ಕೆಲಸಕ್ಕೆ ಸಹಿ ಹಾಕಿದ್ದು ರಾತ್ರಿ ಹತ್ತೂಮುಕ್ಕಾಲಿಗೆ. ಅದು ಸತತ ನಾಲ್ಕನೆಯ ರಾತ್ರಿ. ಗೂಡ್ಸ್ ಗಾಡಿ ತಂದು ಹುಬ್ಬಳ್ಳಿಯಲ್ಲಿ ಇಳಿಯಬೇಕಿತ್ತು. ನಿಮ್ಮ ಗಾಡಿಗೆ ಬರಬೇಕಾದವರು ವಿಶ್ರಾಂತಿಯಲ್ಲಿದ್ದರು. "ಹೆಂಗಿದ್ರೂ ನಿಮ್ಮೂರ ಕಡೀಗೇ ಹೋಗೋ ಗಾಡಿ ಐತಲ್ರಿ ಮೇಡಂ, ಹರಿಹರದ ತನಕ ಒಯ್ದುಬಿಡ್ರಿ, ಅಲ್ಲಿ ಬೇರೆಯವ್ರನ್ನ ಕೊಡ್ತೀವಿ" ಎಂದು ಅಲ್ಲಿಯ ಸಾಹೇಬರು ಕೈಮುಗಿದರು. ಪ್ಲಾಟ್‌ಫಾರ್ಮಿನಲ್ಲಿ ಜನ ಕಾಯುತ್ತಿದ್ದರು. ಸಂಘದ ತೀರ್ಮಾನ ಮುರಿದು ಒಪ್ಪಿಕೊಂಡೆ. ಹನ್ನೆರಡು ಗಂಟೆಯಾದಾಗ ಇನ್ನು ಆಗದು ಎಂದು ನಿಲ್ಲಿಸಿದೆ.

ನಿಮ್ಮ ದೂರಿನ ಮೇಲೆ ನನ್ನ ಮೇಲಿರುವ ಆರೋಪ "ಕೆಲಸದ ವೇಳೆ ನಿದ್ರಿಸಿದ್ದು." ರುಜುವಾತಾದರೆ ಕೆಲಸ ಹೋಗುತ್ತದೆ. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಹನ್ನೊಂದೂ ಐದಕ್ಕೆ ಕೆಲಸ ಮುಗಿಸಿದ ಸಹಿ ಹಾಕಿಯೇ ಬೆಂಚಿಗೆ ಹೋದೆ. ನೀವು ನನ್ನನ್ನು ನೋಡಿದ್ದು ಎಷ್ಟು ಹೊತ್ತಿಗೆ ಎಂದು ದೂರಿನಲ್ಲಿ ಬರೆದಿಲ್ಲ. ನೆನಪಿದ್ದರೆ ಅದನ್ನು ವಿಚಾರಣೆಯವರಿಗೆ ತಿಳಿಸಿ. ಕೇಳುವುದು ಅಷ್ಟನ್ನೇ.

ವಾಣಿಶ್ರೀ


ದಾವಣಗೆರೆ
16 ಜೂನ್ 2025

ವಾಣಿಶ್ರೀ ಅವರಿಗೆ,

ನಾನು ಕೇಳಿದ್ದು ಒಂದು, ನೀವು ಹೇಳಿದ್ದು ಇನ್ನೊಂದು. ಹನ್ನೆರಡು ಗಂಟೆ ಓಡಿಸಿದವರಿಗೆ ಇನ್ನೊಂದು ಇಪ್ಪತ್ತು ನಿಮಿಷ ಓಡಿಸಲಾಗಲಿಲ್ಲವೇ? ಹರಿಹರ ನಿಮ್ಮೂರೇ ಅಲ್ಲವೇ? ಯಾರಾದರೂ ಮನೆ ಬಾಗಿಲಿಗೆ ಬಂದು ಅಂಗಳದಲ್ಲಿ ಮಲಗುತ್ತಾರೆಯೇ?

ನಾನು ಕಂಡದ್ದನ್ನು ಬರೆದೆ. ಹೊತ್ತು ನೋಡಲು ಆ ದಿನ ನನಗೆ ವ್ಯವಧಾನ ಇರಲಿಲ್ಲ. ನಿಮಗೆ ಕೆಲಸದ ಚಿಂತೆ. ಅದು ಹೋದರೆ ಇನ್ನೊಂದು ಸಿಗಬಹುದು. ನನ್ನದು ಇನ್ನು ಸಿಗುವಂಥದ್ದಲ್ಲ.

ಮತ್ತೆ ಬರೆಯಬೇಡಿ.

ಹಯಾತ್ ಸಾಬ್


ಹರಿಹರ
3 ಸೆಪ್ಟೆಂಬರ್ 2025

ಹಯಾತ್ ಸಾಬ್ರಿಗೆ,

ಬರೆಯಬೇಡಿ ಎಂದಿದ್ದಿರಿ. ಎರಡೂವರೆ ತಿಂಗಳು ಹಾಗೇ ನಡೆದುಕೊಂಡೆ.

ಕಳೆದ ವಾರ ಕಡರನಾಯಕನಹಳ್ಳಿಯಲ್ಲಿ ನಮ್ಮ ಸೋದರತ್ತೆ ತೀರಿಕೊಂಡರು. ಅಮಾನತಿನಲ್ಲಿದ್ದೇನಲ್ಲ, ಬಿಡುವಿತ್ತು, ಮಣ್ಣಿಗೆ ಹೋದೆ. ಹದಿನಾಲ್ಕು ವರ್ಷದಲ್ಲಿ ನಾನು ಯಾರದಾದರೂ ಮಣ್ಣಿಗೆ ಹೋದದ್ದು ಇದೇ ಮೊದಲು. ನಮ್ಮಪ್ಪ ಹೋದಾಗಲೂ ನಾನು ಗಾಡಿಯ ಮೇಲಿದ್ದೆ. ಇಳಿದು ಫೋನ್ ಚಾಲೂ ಮಾಡಿದಾಗ ಎಲ್ಲಾ ಮುಗಿದಿತ್ತು. ಅತ್ತೆಯ ಗುಣಿಯ ಮುಂದೆ ನಿಂತಾಗ ನಿಮ್ಮ ಕಾಗದ ನೆನಪಾಯಿತು. ನೀವು ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟಿಲ್ಲ ಎಂಬುದು ನಿಜ. ಈಗ ಕೊಡುತ್ತೇನೆ.

ಎಂಜಿನ್ನಿನಲ್ಲಿ ನಾವು ಇಬ್ಬರಿರುತ್ತೇವೆ. ನಾನು, ಸಹಾಯಕ ಶಿವು. ಸಿಗ್ನಲ್ ಕಂಡಾಗ ನಾನು ಕೈಯೆತ್ತಿ ಅದರ ಬಣ್ಣ ಕೂಗಬೇಕು. ಅವನೂ ನೋಡಿ, ಕೈಯೆತ್ತಿ, ತಿರುಗಿ ಕೂಗಬೇಕು. ಒಬ್ಬರ ಕಣ್ಣು ತಪ್ಪಿದರೆ ಇನ್ನೊಬ್ಬರದು ಹಿಡಿಯಲಿ ಎಂದು. ದಿನಕ್ಕೆ ನೂರಾರು ಸಲ ಕೂಗುತ್ತೇವೆ.

ಆ ದಿನ ರಾಣೆಬೆನ್ನೂರು ದಾಟಿದ ಮೇಲೆ ನಾನು ಕೈಯೆತ್ತಿ "ಗ್ರೀನ್" ಅಂದೆ. ಶಿವು ಕೈಯೆತ್ತಿ "ಗ್ರೀನ್" ಅಂದ. ಆಮೇಲೆ ತಿರುವು ಬಂತು. ತಿರುವು ಮುಗಿದ ಮೇಲೆ ಸಿಗ್ನಲ್ ಕಂಡಿತು.

ನಾವು ಕೂಗಿದಾಗ ಕಣ್ಣೆದುರು ಸಿಗ್ನಲ್ಲೇ ಇರಲಿಲ್ಲ. ಕಂಡಾಗ ಅದು ಹಳದಿ ಇತ್ತು, ವೇಗ ಇಳಿಸು ಎಂದು.

ಇಬ್ಬರ ಕಣ್ಣೂ ತೆರೆದಿದ್ದವು. ಎಚ್ಚರ ಇದ್ದೇವೆಂದು ತೋರಿಸಲು ನಿಮಿಷಕ್ಕೊಮ್ಮೆ ಒತ್ತಬೇಕಾದ ಬಟನ್ನನ್ನು ನನ್ನ ಕೈ ತಾನೇ ಒತ್ತುತ್ತಿತ್ತು. ಎಚ್ಚರ ಮಾತ್ರ ಇರಲಿಲ್ಲ. ಬ್ರೇಕ್ ಹಾಕಿದೆ. ಶಿವು ನನ್ನ ಮುಖ ನೋಡಿದ. "ಅಕ್ಕಾ, ನಾ ಏನ್ ನೋಡಿ ಕೂಗಿದೆ?" ಅಂದ. ಮುಂದೆ ತುಂಗಭದ್ರೆಯ ಸೇತುವೆ, ಹಿಂದೆ ಗಾಡಿ ತುಂಬ ಜನ. ತೆವಳಿಸಿಕೊಂಡು ಬಂದು ಆ ಸ್ಟೇಷನ್ನಿಗೆ ನಿಲ್ಲಿಸಿದೆ. ಹದಿನೈದು ಕಿಲೋಮೀಟರ್ ಯಾಕೆ ಬರಲಿಲ್ಲ ಎಂದರೆ ಇದಕ್ಕೆ.

ಇದನ್ನು ವಿಚಾರಣೆಯವರಿಗೆ ಬರೆದುಕೊಟ್ಟ ಹೇಳಿಕೆಯಲ್ಲಿ ಹೇಳಿಲ್ಲ. ಸಂಘದವರಿಗೂ ಹೇಳಿಲ್ಲ. ಹೊತ್ತು ಮೀರಿ ನಿಲ್ಲಿಸಿದೆ ಎಂದರೆ ಅದು ಹೋರಾಟ. ಇಲ್ಲದ ಸಿಗ್ನಲ್ ಕೂಗಿದೆ ಎಂದರೆ ಇಬ್ಬರೂ ಇನ್ನೆಂದೂ ಗಾಡಿ ಹತ್ತುವಂತಿಲ್ಲ. ಶಿವುಗೆ ಎಂಟು ತಿಂಗಳ ಕೂಸಿದೆ.

ನಾನು ಓಡಿಸಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ಹನ್ನೆರಡಕ್ಕೆ ನೀವು ಅಕ್ಕನ ಹತ್ತಿರ ಇರುತ್ತಿದ್ದಿರಿ. ನೀವು ಕಳೆದುಕೊಂಡದ್ದು ನನ್ನ ಕಣ್ಣಿಗೆ ಕಾಣುತ್ತದೆ. ನಾನು ಉಳಿಸಿದ್ದೇನಾದರೂ ಇದ್ದರೆ ಅದನ್ನು ಯಾರಿಗೂ ತೋರಿಸಲಾರೆ; ನನಗೇ ಕಾಣುವುದಿಲ್ಲ. ಈ ಕಾಗದ ಇಟ್ಟುಕೊಂಡು ನೀವು ಏನು ಮಾಡಿದರೂ ನಿಮಗೆ ಹಕ್ಕಿದೆ.

ವಾಣಿಶ್ರೀ


ದಾವಣಗೆರೆ
14 ಸೆಪ್ಟೆಂಬರ್ 2025

ತಾಯಿ ವಾಣಿಶ್ರೀ,

ನಿಮ್ಮ ಕಾಗದ ಮೂರು ಸಲ ಓದಿದೆ. ನೀವು ಬಾಯಿಬಿಟ್ಟ ಮೇಲೆ ನಾನೊಬ್ಬ ಬಾಯಿ ಮುಚ್ಚಿಕೊಂಡಿದ್ದರೆ ಅಕ್ಕ ಮೆಚ್ಚುವುದಿಲ್ಲ.

ಮೊದಲ ಕಾಗದದಲ್ಲಿ ಒಂದು ಮಾತು ನುಂಗಿಕೊಂಡಿದ್ದೆ. ಆ ದಿನ ಊರಿನಿಂದ ಗಳಿಗೆಗೊಂದು ಫೋನ್. "ಎಲ್ಲಿದೀರಿ? ಕಾಯ್ತೀವಿ, ಬರ್ರಿ" ಎನ್ನುತ್ತಿದ್ದರು. ಪ್ರತಿ ಸಲ ನಾನು "ಹೊರಡ್ತಾ ಐತೆ, ಹತ್ ನಿಮಿಷ" ಎನ್ನುತ್ತಿದ್ದೆ. ಸ್ಟೇಷನ್ ಮಾಸ್ತರನಿಗೂ ನನಗೂ ವ್ಯತ್ಯಾಸ ಉಳಿದಿರಲಿಲ್ಲ. ಬಿಸಿಲಲ್ಲಿ ಇಡೀ ಓಣಿ ನಿಂತಿದೆ, ವಯಸ್ಸಾದವರಿದ್ದಾರೆ, ನನ್ನೊಬ್ಬನಿಗಾಗಿ ಎಲ್ಲರಿಗೂ ತೊಂದರೆ ಎಂದು ನಾಚಿಕೆಯಾಯಿತು. ಎರಡೂ ಐವತ್ತಕ್ಕೆ ನಾನೇ ಹೇಳಿದೆ: "ಇನ್ ಕಾಯಬ್ಯಾಡ್ರಿ. ಮುಗಿಸಿಬಿಡ್ರಿ." ಇಪ್ಪತ್ತು ನಿಮಿಷಕ್ಕೆ ಗಾಡಿ ಹೊರಟಿತು.

ಅವರು ಕಾಯುತ್ತೇವೆ ಎಂದೇ ಅಂದಿದ್ದರು. ಬೇಡ ಎಂದವನು ನಾನು. ಈ ಮಾತು ಸಬಾಳಿಗೂ ಗೊತ್ತಿಲ್ಲ. ಎಲ್ಲಾ ನಿಮ್ಮ ತಲೆಗೆ ಕಟ್ಟಿದೆ.

ಅಕ್ಕನದು ಒಂದು ಅಭ್ಯಾಸ. ನಾನು ಹತ್ತಿ ತರಲು ಪಕ್ಕದ ಬಾತಿಗೆ ಹೋಗಲಿ, ಹುಬ್ಬಳ್ಳಿಗೆ ಹೋಗಲಿ, "ಮುಟ್ಟಿದ್ಯಾ?" ಎಂದು ಕೇಳಲು ಫೋನ್ ಮಾಡುವಳು. "ಮುಟ್ಟಿದೆ ಅಕ್ಕ" ಅಂದರೆ ಸಾಕು, ಇಟ್ಟುಬಿಡುವಳು. ಬೇರೆ ಮಾತಿಲ್ಲ. ಅರವತ್ತಾರು ವರ್ಷದವನಿಗೆ ಇದೇನು ಎಂದು ರೇಗುತ್ತಿದ್ದೆ. ಹುಬ್ಬಳ್ಳಿಯಿಂದ ಬಂದ ದಿನ ಕೇಳುವವರಿರಲಿಲ್ಲ.

ನಿಮ್ಮನ್ನು ಕಂಡಾಗ ಸಿಟ್ಟು ಯಾಕೆ ನೆತ್ತಿಗೇರಿತು ಎಂದೂ ಹೇಳಿಬಿಡುತ್ತೇನೆ. ಕೈಕಾಲು ನೇರ ಚಾಚಿ, ಅಲ್ಲಾಡದೆ ಮಲಗಿದ್ದಿರಿ. ಅಕ್ಕನೂ ಆ ಹೊತ್ತಿಗೆ ಹಾಗೇ ಮಲಗಿದ್ದಾಳೆ, ಇವಳು ಎದ್ದಾಳು, ಅವಳು ಏಳುವುದಿಲ್ಲ ಅನ್ನಿಸಿತು. ಲೋಕಕ್ಕೆಲ್ಲ ಗಾದಿ ಹೊಲಿದುಕೊಟ್ಟವನು ನಾನು. ಕಲ್ಲಿನ ಮೇಲೆ ಒಬ್ಬರಿಗೆ ಅಷ್ಟು ನಿದ್ದೆ ಬರಬೇಕಾದರೆ ಒಳಗೆ ಎಷ್ಟು ದಣಿವಿರಬೇಕು ಎಂದು ಆ ದಿನ ಹೊಳೆಯಲಿಲ್ಲ.

ಹೊತ್ತು ನನಗೆ ಗೊತ್ತಿದೆ. ಮಧ್ಯಾಹ್ನದ ನಮಾಜನ್ನು ಪ್ಲಾಟ್‌ಫಾರ್ಮಿನ ಬೇವಿನ ಮರದ ಕೆಳಗೆ ಟವೆಲ್ ಹಾಸಿ ಮಾಡಿದೆ. ಏಳುವಾಗ ನಿಮ್ಮನ್ನು ನೋಡಿದೆ. ಒಂದೂವರೆ. ಹೊತ್ತು ನೋಡಲಿಲ್ಲ ಎಂದು ಬರೆದದ್ದು ಹಟಕ್ಕೆ. ವಿಚಾರಣೆಗೆ ನನಗೂ ಕರೆ ಬಂದಿದೆ, ಹೋಗುತ್ತೇನೆ.

ಇಂತು ನಾಚಿಕೊಂಡ
ಹಯಾತ್ ಸಾಬ್


ಹರಿಹರ
20 ಸೆಪ್ಟೆಂಬರ್ 2025

ಚಾಚಾ,

ಕಾಗದ ಮುಟ್ಟಿತು. ಕಾಯಬೇಡಿ ಎಂದದ್ದು ಜನರ ಮೇಲಿನ ಕಾಳಜಿಗೆ, ಅದನ್ನು ತಪ್ಪು ಎಂದು ಹೊತ್ತುಕೊಳ್ಳಬೇಡಿ. ಇಷ್ಟು ಹೇಳುವುದು ಸುಲಭ ಎಂದು ನನಗೂ ಗೊತ್ತು.

ವಿಚಾರಣೆ ಅಕ್ಟೋಬರ್ 24ಕ್ಕೆ. ಕಂಡದ್ದನ್ನು ಮಾತ್ರ ಹೇಳಿ. ನನಗಾಗಿ ಏನನ್ನೂ ಸೇರಿಸಬೇಡಿ.

ವಾಣಿಶ್ರೀ


ದಾವಣಗೆರೆ
2 ನವೆಂಬರ್ 2025

ತಾಯಿ ವಾಣಿಶ್ರೀ,

ನೀವು ಹೊರಗೆ ಕೂತಿದ್ದಿರಿ, ಒಳಗೆ ಏನಾಯಿತು ಎಂದು ನಿಮಗೆ ಗೊತ್ತಿಲ್ಲ. ಹೇಳುತ್ತೇನೆ.

ಒಂದೂವರೆಗೆ ನೋಡಿದೆ ಎಂದೆ. ಆರು ತಿಂಗಳ ಹಿಂದಿನ ಹೊತ್ತು ಇಷ್ಟು ಸರಿಯಾಗಿ ಹೇಗೆ ನೆನಪು ಎಂದರು. "ದಿನಕ್ಕೆ ಐದು ಸಲ ಹೊತ್ತು ನೋಡೋನು ನಾನು, ನಿಮ್ ಗಾಡಿಗಿಂತ ನನ್ ನಮಾಜ್ ನಿಯತ್ತಿಂದೈತಿ" ಎಂದೆ. ಬರೆದುಕೊಳ್ಳುತ್ತಿದ್ದವನು ನಕ್ಕ, ಸಾಹೇಬರು ನಗಲಿಲ್ಲ. ಕೊನೆಗೆ ಕೇಳಿದರು: "ಅಲ್ಲೇ ಯಾಕ ನಿಲ್ಸಿದ್ರು ಅಂತ ನಿಮಗೇನಾದ್ರೂ ಗೊತ್ತೈತಾ ಸಾಬ್ರೆ?" ನಿಮ್ಮ ಸೆಪ್ಟೆಂಬರಿನ ಕಾಗದ ನನ್ನ ಒಳಜೇಬಿನಲ್ಲೇ ಇತ್ತು. ಮನೆಯಲ್ಲಿ ಬಿಟ್ಟರೆ ಯಾರ ಕೈಗಾದರೂ ಸಿಕ್ಕೀತು ಎಂದು ತಂದಿದ್ದೆ. "ಗೊತ್ತಿಲ್ರಿ" ಎಂದೆ. ಈ ವಯಸ್ಸಿನಲ್ಲಿ ಒಂದು ಸುಳ್ಳು ಹೇಳಿದೆ, ಮೇಲಿನವನು ಲೆಕ್ಕ ಹಾಕಿಕೊಳ್ಳಲಿ.

ಆ ಕಾಗದವನ್ನು ಹರಿಯಲು ಮನಸ್ಸಾಗಲಿಲ್ಲ. ಸುಡುವುದಕ್ಕೂ ಆಗಲಿಲ್ಲ. ಒಂದು ಗಾದಿ ಹೊಲಿದೆ, ಒಳ್ಳೆಯ ಹತ್ತಿ, ನಾನೇ ಹಿಂಜಿದ್ದು. ನಡುವೆ ಕಾಗದ ಇಟ್ಟು ಬಾಯಿ ಹೊಲಿದುಬಿಟ್ಟೆ. ಹರಿಹರ ಹಾದು ಗುತ್ತೂರಿಗೆ ಹೋಗುವ ಟೆಂಪೋದಲ್ಲಿ ಕಳಿಸುತ್ತಿದ್ದೇನೆ. ಇನ್ನು ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಮೇಲೆ ಮಲಗಿ, ಹೊಟ್ಟೆ ತುಂಬ ನಿದ್ದೆ ಮಾಡಿ.

ನಿಮ್ಮ ಚಾಚಾ
ಹಯಾತ್ ಸಾಬ್


ಹರಿಹರ
18 ಜನವರಿ 2026

ಚಾಚಾ,

ಮೊದಲು ಬೈಸಿಕೊಳ್ಳುವ ಸುದ್ದಿ. ನಿಮ್ಮ ಗಾದಿಯ ಹೊಲಿಗೆ ಬಿಚ್ಚಿದೆ.

ನಿಮ್ಮ ಸಾಕ್ಷಿಯಿಂದ ನಿದ್ದೆಯ ಆರೋಪ ಬಿದ್ದುಹೋಯಿತು. ಒಂದು ಎಚ್ಚರಿಕೆ ಪತ್ರ ಕೊಟ್ಟು, ಸೋಮವಾರದಿಂದ ಗಾಡಿ ಹತ್ತಬಹುದು ಎಂದರು. ಅಮ್ಮ ಹೋಳಿಗೆ ಮಾಡಿದಳು. ಭಾನುವಾರ ಮಧ್ಯಾಹ್ನ ನಿಮ್ಮ ಗಾದಿಯ ಮೇಲೆ ಮಲಗಿದೆ. ಅಷ್ಟು ಮೆತ್ತನೆಯ ಗಾದಿ ನಮ್ಮ ಮನೆಗೆ ಬಂದೇ ಇರಲಿಲ್ಲ. ನಿದ್ದೆ ಮಾತ್ರ ಬರಲಿಲ್ಲ. ಕೆಳಗೆ ಕಾಗದ ಇದೆ ಎನ್ನುವುದು ಬೆನ್ನಿಗೆ ಗೊತ್ತಾಗುತ್ತಿತ್ತು.

ನಮ್ಮ ಸಂಘದವರು ವರ್ಷಗಳಿಂದ ದಣಿವು, ದಣಿವು ಎಂದು ಹೇಳುತ್ತಲೇ ಇದ್ದಾರೆ. ಮೇಲಿನವರು "ಒಂದಾದರೂ ಉದಾಹರಣೆ ಕೊಡಿ" ಎನ್ನುತ್ತಾರೆ. ನಮ್ಮಲ್ಲಿ ಪ್ರತಿಯೊಬ್ಬರ ಹತ್ತಿರವೂ ಒಂದಿದೆ, ಬರೆದುಕೊಟ್ಟವರು ಒಬ್ಬರೂ ಇಲ್ಲ. ಬರೆದದ್ದು ಒಂದೇ, ಅದು ನನ್ನ ಬೆನ್ನ ಕೆಳಗೆ. ನಾನು ಬಾಯಿ ಮುಚ್ಚಿಕೊಂಡು ಸೋಮವಾರ ಗಾಡಿ ಹತ್ತಿದರೆ ಆ ತಿರುವಿನಲ್ಲಿ ಇನ್ನೊಬ್ಬರು ಯಾರೋ ಇಲ್ಲದ ಸಿಗ್ನಲ್ ಕೂಗುತ್ತಾರೆ. ಅವರು ನಿಲ್ಲಿಸದೆಯೂ ಹೋಗಬಹುದು.

ಕತ್ತರಿ ತಗೊಂಡು ಹೊಲಿಗೆ ಬಿಚ್ಚಿದೆ. ಶಿವುನ ಮನೆಗೆ ಹೋಗಿ ಕಾಗದ ಓದಿದೆ. ಅವನು ರೇಗಿದ. "ನನ್ ಕೂಸಿನ ಮುಖ ನೋಡಕ್ಕಾ, ಯಾಕ್ ಬೇಕಿತ್ತು ಇದು" ಎಂದ. ಅದು ನ್ಯಾಯವೇ, ನಾನು ಎದ್ದು ಬಂದೆ. ನನ್ನೊಬ್ಬಳ ಹೆಸರಿನಲ್ಲೇ ಹೊಸದಾಗಿ ಬರೆದುಕೊಡುತ್ತೇನೆ ಎಂದುಕೊಂಡೆ. ಮರುದಿನ ಬೆಳಿಗ್ಗೆ ಅವನೇ ಬಂದು, ಕಾಗದ ಇಸಿದುಕೊಂಡು, ನನ್ನ ಹೆಸರಿನ ಕೆಳಗೆ ತನ್ನದನ್ನೂ ಬರೆದ. ಅದನ್ನೇ ಮೇಲಿನವರಿಗೆ ಕೊಟ್ಟೆವು.

ಈಗ ಇಬ್ಬರನ್ನೂ ಗಾಡಿಯಿಂದ ಇಳಿಸಿದ್ದಾರೆ. ಕಣ್ಣು, ತಲೆ, ಎಲ್ಲದರ ಪರೀಕ್ಷೆ ನಡೆದಿದೆ. ಮತ್ತೆ ಹತ್ತಿಸುತ್ತಾರೋ ಇಲ್ಲವೋ ಗೊತ್ತಿಲ್ಲ. ಭಯ ಇದೆ ಚಾಚಾ, ಇಲ್ಲ ಎನ್ನುವುದಿಲ್ಲ. ಆದರೆ ನಿನ್ನೆಯವರೆಗೆ ಹನ್ನೊಂದು ಜನ ಡ್ರೈವರುಗಳು ತಮ್ಮ ತಮ್ಮದನ್ನು ಬರೆದುಕೊಟ್ಟಿದ್ದಾರೆ.

ಮೊನ್ನೆ ಪರೀಕ್ಷೆಗೆ ಹುಬ್ಬಳ್ಳಿಗೆ ಹೋಗಿ ಬರುವಾಗ ಗಾಡಿ ಹಾದಿಯಲ್ಲಿ ಮುಕ್ಕಾಲು ಗಂಟೆ ನಿಂತಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಡ್ರೈವರಿಗೆ ಬಾಯಿಗೆ ಬಂದಂತೆ ಬೈದಳು. ಅವಳ ಮಗನ ಪರೀಕ್ಷೆಯಂತೆ. ನಾನು ಡ್ರೈವರ್ ಎಂದು ಹೇಳಲಿಲ್ಲ. ನೀರಿನ ಬಾಟಲಿ ಕೊಟ್ಟು, ಅವಳು ಹೇಳುವಷ್ಟನ್ನೂ ಕೇಳಿಸಿಕೊಂಡೆ. ಎಂಜಿನ್ನಿನೊಳಗೆ ಅದು ಕೇಳಿಸುವುದಿಲ್ಲ.

ಗಾದಿಯನ್ನು ನಾನೇ ತಿರುಗಿ ಹೊಲಿದೆ. ಸೊಟ್ಟಪಟ್ಟ ಆಗಿದೆ. ನೋಡಿದರೆ ನಗುತ್ತೀರಿ. ಈಗ ಅದರ ಮೇಲೆ ನಿದ್ದೆ ಬರುತ್ತದೆ.

ವಾಣಿಶ್ರೀ


ದಾವಣಗೆರೆ
17 ಏಪ್ರಿಲ್ 2026

ಮಗಳು ವಾಣಿಶ್ರೀಗೆ,

ಉತ್ತರ ತಡವಾಯಿತು. ಮೊದಲು ಸಿಟ್ಟಿನಲ್ಲಿದ್ದೆ. ನಾನು ಸುಳ್ಳು ಹೇಳಿ ಉಳಿಸಿದ್ದನ್ನು ನೀನು ನಿಜ ಹೇಳಿ ಕಳೆದುಕೊಂಡೆಯಲ್ಲ ಎಂದು. ಸಿಟ್ಟು ಇಳಿದ ಮೇಲೆ ನಾಚಿಕೆ. ನಿನಗೆ ಕೋಪ ಬರದಿದ್ದರೆ ಇನ್ನು ಏಕವಚನದಲ್ಲೇ ಬರೆಯುತ್ತೇನೆ.

ಇವತ್ತಿಗೆ ಅಕ್ಕ ಹೋಗಿ ವರ್ಷವಾಯಿತು. ಸಬಾ ಬಂದಿದ್ದಳು. ಎರಡೂ ಐವತ್ತರ ಫೋನಿನ ವಿಷಯ ಅವಳಿಗೆ ಹೇಳಿದೆ. "ಇದನ್ನ ವರ್ಷಪೂರ್ತಿ ಒಬ್ರೇ ಇಟ್ಕೊಂಡಿದ್ರೇನಪ್ಪಾ" ಎಂದು ಅತ್ತಳು. ಹನ್ನೊಂದು ಡ್ರೈವರುಗಳ ಜೊತೆ ಹನ್ನೆರಡನೆಯವನು ನಾನು ಎಂದುಕೋ.

ಬೆಳಿಗ್ಗೆ ಖಬರಸ್ತಾನಕ್ಕೆ ಒಬ್ಬನೇ ಹೋದೆ. ಗೋರಿಯ ಮಣ್ಣು ಒಂದು ಕಡೆ ಕುಸಿದಿತ್ತು. ಹೊಸ ಮಣ್ಣು ತಂದು, ಕೂತು, ಕೈಯಿಂದಲೇ ಸರಿಮಾಡಿದೆ. ಮೊಣಕಾಲು ಒಪ್ಪಲಿಲ್ಲ, ನಾನು ಕೇಳಲಿಲ್ಲ. ಅಂದು ಮಾಡಬೇಕಿದ್ದ ಕೆಲಸ ಅದಲ್ಲ ಎಂದು ಗೊತ್ತು. ಆದರೂ ಅವಳ ಮೇಲಿನ ಮಣ್ಣಿಗೆ ತಮ್ಮನ ಕೈ ತಾಗಿತು.

ಗಾದಿ ಸರಿಮಾಡಲು ಕಳಿಸಬೇಡ. ಸೊಟ್ಟ ಹೊಲಿಗೆ ಹಾಗೇ ಇರಲಿ, ಗಟ್ಟಿ ಇದ್ದರೆ ಸಾಕು. ಗಾಡಿ ಹತ್ತುವ ಹುಕುಂ ಬಂದ ದಿನ ಒಂದು ಕಾಗದ ಹಾಕು. ಬರದಿದ್ದರೂ ಹಾಕು.

ಗೋರಿಯ ಹತ್ತಿರದಿಂದ ಏಳುವಾಗ ಅಕ್ಕನಿಗೆ ಇಷ್ಟು ಹೇಳಿ ಬಂದೆ. ವರ್ಷದಿಂದ ಅವಳು ಕೇಳುತ್ತಲೇ ಇದ್ದಳು, ನಾನೇ ಉತ್ತರ ಕೊಟ್ಟಿರಲಿಲ್ಲ. "ಮುಟ್ಟಿದೆ ಅಕ್ಕ. ತಡ ಆತು. ಆದ್ರ ಗಾಡ್ಯಾಗಿದ್ದೋರು ಎಲ್ರೂ ಮುಟ್ಟಿದ್ವಿ."

ನಿನ್ನ ಚಾಚಾ
ಹಯಾತ್ ಸಾಬ್